ಹಳೆಯ ಪುಟ ಕೈಸೇರದೆ ಸಹಿ ಇಲ್ಲ

ಸೋಮವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷ. ಯಲಹಂಕದ ಕಡೆ ವಿಮಾನಗಳಿನ್ನೂ ಎದ್ದಿಲ್ಲ, ಶಹರ್ಬಾನು ಎದ್ದು ಆಫೀಸಿಗೆ ಬಂದು ಕೂತಾಗಿದೆ. ಮೇಜಿನ ಮೇಲೆ ಸ್ಟೀಲ್ ಸ್ಕೇಲು, ಒಂದು ಬಟ್ಟಲು ಮೈದಾ ಗೋಂದು, ಹೊಸ ಪುಟ ಅಂಟಿಸಬೇಕಾದ ಇಲ್ಲಿಯದೇ ಅರವತ್ತನಾಲ್ಕು ಪುಸ್ತಕಗಳ ಎರಡು ಸಾಲು. ಅಂಟಿಸಿದ ಪುಟ ಸುಕ್ಕುಗಟ್ಟಬಾರದೆಂದು ಪುಸ್ತಕಗಳ ಮೇಲೆ ಹೇರಲು ಮನೆಯಿಂದಲೇ ತಂದ ರುಬ್ಬುವ ಗುಂಡುಕಲ್ಲು. ಅದನ್ನು ಮೊದಲ ಸಲ ಚೀಲದಲ್ಲಿ ಹೊತ್ತು ತಂದ ದಿನ ಗೇಟಿನ ಕಾವಲುಗಾರರು ಮುಕ್ಕಾಲು ಗಂಟೆ ನಿಲ್ಲಿಸಿಕೊಂಡಿದ್ದರಂತೆ.

ಅವರು ಹಿಂದಿನ ದಿನದ ಟಪಾಲಿನಿಂದ ಒಂದು ಲಕೋಟೆ ಒಡೆಯುತ್ತಾರೆ. ಯಾವುದೋ ಹಡಗಿನಿಂದ ಬಂದದ್ದು. ಒಳಗೆ ಸಹಿ, ಮೊಹರು ಬಿದ್ದ ಒಂದು ಚೀಟಿ, ಜೊತೆಗೆ ಹರಿದು ತೆಗೆದ ಒಂದು ಹಳೆಯ ಪುಟ. ಎಣ್ಣೆಯ ವಾಸನೆ ಹೊಡೆಯುವ ಆ ಪುಟವನ್ನು ಅಂಗೈಯಿಂದ ನೀವಿ, ಕನ್ನಡಕ ಏರಿಸಿ, ಕೆಳಗೆ ಒತ್ತಿರುವ ಸಂಖ್ಯೆ ಓದುತ್ತಾರೆ: ಪುಟ ನಲವತ್ತೇಳು, ಪ್ರತಿ ಇನ್ನೂರ ಮೂವತ್ತೆಂಟು. ಲೆಕ್ಕದ ಪುಸ್ತಕದಲ್ಲಿ ಗುರುತು ಹಾಕುತ್ತಾರೆ.

"ಹನ್ನೆರಡಿತ್ತು, ಹನ್ನೊಂದಾಯ್ತು," ಎಂದು ತಲೆ ಎತ್ತುತ್ತಾರೆ. "ಶುಕ್ರವಾರದೊಳಗೆ ಹನ್ನೊಂದೂ ಬಂದ್ರೆ ನನಗೂ ನೆಮ್ಮದಿ, ಅವರಿಗೂ ನೆಮ್ಮದಿ. ಬರ್ಲಿಲ್ಲ ಅಂದ್ರೆ ಅವರಿಗೆ ಮಾತ್ರ ಕಷ್ಟ ಕಣ್ರೀ. ನಾನಂತೂ ಸಹಿ ಹಾಕಲ್ಲ."

ಅವರು ಎಂದರೆ ಮೇಲಧಿಕಾರಿಗಳು. ಸಹಿ ಎಂದರೆ ಒಂದು ಪ್ರಮಾಣಪತ್ರದ ಮೇಲಿನ ಸಹಿ. ಐವತ್ತೆಂಟರ ಈ ಹೆಂಗಸು, ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇರುವಾಗ, ಆ ಒಂದು ಸಹಿಗಾಗಿ ತಾವು ಇಪ್ಪತ್ತೆರಡು ವರ್ಷದಿಂದ ಕೂತ ಕುರ್ಚಿಯನ್ನೇ ಪಣಕ್ಕಿಟ್ಟಿದ್ದಾರೆ.

ಕೆಲಸ ಏನೆಂದು ಮೊದಲು ಹೇಳಬೇಕು. ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಒಂದೇ ಕಾರ್ಯಾಚರಣೆಗೆ ಇಳಿದರೆ ಯಾರು ಏನು ಮಾಡಬೇಕು, ಯಾವ ಹೊತ್ತಿನಲ್ಲಿ ಯಾರ ಮಾತು ನಡೆಯಬೇಕು ಎಂದು ಮೊದಲೇ ಕೂತು ಒಪ್ಪಿ ಬರೆದಿಟ್ಟ ತತ್ವಗಳಿವೆ. ಅದಕ್ಕೆ ಜಂಟಿ ಡಾಕ್ಟ್ರಿನ್ ಎನ್ನುತ್ತಾರೆ. ಮನೆಯೊಂದು ಮೂರು ಬಾಗಿಲಾಗದಂತೆ ತಡೆಯುವ ಪುಸ್ತಕ ಎಂದುಕೊಳ್ಳಿ. ಕರಡು ಮೂರೂ ಪಡೆಗಳಿಗೆ ಹೋಗುತ್ತದೆ, ಆಕ್ಷೇಪಗಳು ಬರುತ್ತವೆ, ಸಮಿತಿ ಕೂರುತ್ತದೆ, ಒಪ್ಪಿಗೆಯಾದ ಮೇಲೆ ಅಚ್ಚಾಗುತ್ತದೆ. ಐದು ವರ್ಷಕ್ಕೊಮ್ಮೆ ಪೂರ್ತಿ ಪರಿಶೀಲನೆ, ನಡುವೆ ತಿದ್ದುಪಡಿಗಳು. ಹೆಸರು ಬೇಡ ಎಂದು ಕೇಳಿಕೊಂಡಿರುವ ಈ ತರಬೇತಿ ಸಂಸ್ಥೆಯ ಪಾಲಿಗೆ ಬಂದಿರುವುದು ಮೂರೂ ಪಡೆಗಳು ಸೇರಿ ಸಾಮಾನು ಸಾಗಿಸುವ ಕೈಪಿಡಿ. ಗುಟ್ಟಿನ ಪುಸ್ತಕವೇನಲ್ಲ, ಆದರೆ ಬೇಕಾಬಿಟ್ಟಿ ಹಂಚುವಂಥದ್ದೂ ಅಲ್ಲ. ನಾನೂರ ಹನ್ನೆರಡು ಪ್ರತಿಗಳು, ಪ್ರತಿಯೊಂದಕ್ಕೂ ಸಂಖ್ಯೆ.

ಕಳೆದ ಪರಿಶೀಲನೆಯಲ್ಲಿ ಬಂದ ಆಕ್ಷೇಪಗಳು ಒಂದು ಸಾವಿರದ ನೂರ ಅರವತ್ತಮೂರು. ಪ್ರತಿಯೊಂದನ್ನೂ ಟೈಪು ಮಾಡಿ, ಎದುರಿಗೆ ಒಪ್ಪಿದ್ದಾರೋ ಇಲ್ಲವೋ, ಇಲ್ಲವಾದರೆ ಕಾರಣವೇನು ಎಂದು ಸಮಿತಿಯಿಂದ ಕೇಳಿ ಬರೆದವರು ಶಹರ್ಬಾನು. ಕಾರಣದ ಜಾಗ ಖಾಲಿ ಬಿಟ್ಟ ಹಾಳೆಯನ್ನು ಅವರು ಮುಂದಕ್ಕೆ ಕಳಿಸಲೇ ಇಲ್ಲ. ಪುಸ್ತಕ ಬಿಡುಗಡೆಯಾದ ದಿನ ದೊಡ್ಡವರೆಲ್ಲ ವೇದಿಕೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡರು. ಪುಸ್ತಕಗಳಿಗೆ ಬಣ್ಣದ ಕಾಗದ ಸುತ್ತಿ ತಟ್ಟೆಯಲ್ಲಿಟ್ಟವರು ಫೋಟೊದಲ್ಲಿಲ್ಲ. ಇದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು. ಅವರಿಗೆ ಉರಿದಂತಿಲ್ಲ.

ಕೈಪಿಡಿ ಕಂಪ್ಯೂಟರಿನಲ್ಲೂ ಇದೆ. ಆದರೆ ಗುಡ್ಡದ ತುದಿಯಲ್ಲಿ, ಹಡಗಿನ ಉಗ್ರಾಣದಲ್ಲಿ, ಡೇರೆಯೊಳಗೆ ಕೈಗೆ ಸಿಗುವುದು ಪುಸ್ತಕವೇ. ತಿದ್ದುಪಡಿ ಹೊರಟಾಗ ಹೊಸ ಪುಟ ಎಲ್ಲ ಕಡೆಗೂ ಹೋಗುತ್ತದೆ. ಹಳೆಯದನ್ನು ಹರಿದು ಹೊಸದನ್ನು ಅಂಟಿಸಿ, ಅಂಟಿಸಿದೆವೆಂದು ಚೀಟಿ ಕಳಿಸಬೇಕು. ನಿಯಮದಲ್ಲಿರುವುದು ಇಷ್ಟೇ. ಚೀಟಿಯ ಜೊತೆ ಹಳೆಯ ಪುಟವೂ ಬರಬೇಕು ಎನ್ನುವುದು ಶಹರ್ಬಾನು ತಾವೇ ಹಿಡಿದ ಪಟ್ಟು. "ಸಹಿ ಯಾರ್ ಬೇಕಾದ್ರೂ ಹಾಕ್ತಾರೆ. ಹಳೇ ಪುಟ ನನ್ ಕೈಲಿದ್ರೆ, ಅದು ಅವರ ಪುಸ್ತಕದಲ್ಲಿಲ್ಲ ಅಂತ ಗ್ಯಾರಂಟಿ," ಎನ್ನುತ್ತಾರೆ.

ಗೋಂದಿನ ನಂಟು ಹುಟ್ಟಿನಿಂದ ಬಂದದ್ದು. ತಂದೆ ಲಾಲ್ ಸಾಬ್ ಶಿವಾಜಿನಗರದ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದರು. ಮೈದಾಗೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಮುಟ್ಟುವುದಿಲ್ಲ ಎನ್ನುವುದು ಮಗಳಿಗೆ ಎಂಟನೇ ವಯಸ್ಸಿಗೇ ಗೊತ್ತಿತ್ತು. ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಮೂವತ್ತನಾಲ್ಕು ವರ್ಷದ ಹಿಂದೆ ಇಲ್ಲಿ ಟೈಪಿಸ್ಟ್ ಆಗಿ ಸೇರಿದರು. ಗಂಡ ಖಾದರ್ ಬಾಷಾ ಯಶವಂತಪುರ ಯಾರ್ಡಿನಲ್ಲಿ ಈರುಳ್ಳಿ ವ್ಯಾಪಾರಿ. ಗಂಗಾನಗರದ ಮನೆಯಿಂದ ನಸುಕಿನಲ್ಲೇ ಅವರು ಆ ಕಡೆ, ಇವರು ಬಳ್ಳಾರಿ ರಸ್ತೆಯ ಬಸ್ಸು ಹಿಡಿದು ಈ ಕಡೆ. ಮಂಡಿ ನೋವು ಶುರುವಾಗಿ ಆರು ವರ್ಷವಾಯಿತು, ಬಸ್ಸಿನ ಮೆಟ್ಟಿಲಿನ್ನೂ ಹತ್ತುತ್ತಾರೆ. ಒಮ್ಮೆ ಯಾರೋ ಪರಿಚಯದವರು, ಮಿಲಿಟರಿ ಆಫೀಸಿನಲ್ಲಿ ನಿಮ್ಮನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂದು ಕೇಳಿದರಂತೆ. "ಇಟ್ಕೊಂಡಿಲ್ಲ, ನಾನ್ ಇದೀನಿ ಅಂದೆ," ಎಂದು ಹೇಳಿ ಇವರು ಮತ್ತೆ ಸ್ಕೇಲು ಕೈಗೆತ್ತಿಕೊಳ್ಳುತ್ತಾರೆ.

ಹಳೆಯ ಪುಟದ ಪಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಹದಿನಾರು ವರ್ಷದ ಹಿಂದಿನ ಮಾತು. ಆಗಿನ ಕೈಪಿಡಿಯಲ್ಲಿ, ಹೆಲಿಕಾಪ್ಟರ್ ಇಳಿಯಬೇಕಾದ ಜಾಗದಲ್ಲಿ ಕೆಂಪು ಬಟ್ಟೆ ಹಾಸಿರಬೇಕು ಎಂದಿತ್ತು. ತಿದ್ದುಪಡಿ ಬಂತು: ಇಳಿಯುವ ಜಾಗಕ್ಕೆ ಬಿಳಿ, ಇಳಿಯಬಾರದ ಜಾಗಕ್ಕೆ ಕೆಂಪು. ಶಹರ್ಬಾನು ಪುಟಗಳನ್ನು ಕಳಿಸಿದರು, ಚೀಟಿಗಳೆಲ್ಲ ಬಂದವು, ಎಲ್ಲ ಮುಗಿಯಿತೆಂದು ಸಹಿ ಹಾಕಿದರು. ಆದರೆ ಒಂದು ತುಕಡಿಯ ಗುಮಾಸ್ತ ಚೀಟಿಗೆ ಸಹಿ ಮಾಡಿ ಕಳಿಸಿ, ಹೊಸ ಪುಟವನ್ನು ಡ್ರಾಯರಿನಲ್ಲೇ ಬಿಟ್ಟಿದ್ದ. ಸಮರಾಭ್ಯಾಸದ ದಿನ ಕೆಳಗಿದ್ದವರು ಹಳೆಯ ಪುಟ ನೋಡಿ ಗಟ್ಟಿ ನೆಲದ ಮೇಲೆ ಕೆಂಪು ಹಾಸಿದರು. ಮೇಲಿದ್ದ ಪೈಲಟ್ ಹೊಸ ಪುಟ ಓದಿದವನು, ಕೆಂಪು ಕಂಡು ಪಕ್ಕಕ್ಕೆ ಸರಿದು ಕೆಸರಿನಲ್ಲಿ ಇಳಿಸಿದ. ಚಕ್ರ ಹೂತು ಹೆಲಿಕಾಪ್ಟರ್ ವಾಲಿತು. ಸಾಮಾನು ಇಳಿಸಲು ಓಡಿ ಬಂದಿದ್ದ ಹವಾಲ್ದಾರ್ ಸಿದ್ರಾಮಪ್ಪನವರ ಬಲಗಾಲು ಎರಡು ಕಡೆ ಮುರಿಯಿತು.

ಶಹರ್ಬಾನು ರಜೆ ಹಾಕಿ ಆಸ್ಪತ್ರೆಗೆ ಹೋದರು. ಸಿಂದಗಿ ಕಡೆಯ ಆ ಮನುಷ್ಯನಿಗೆ ಇವರು ಯಾರೆಂದೂ ಗೊತ್ತಿಲ್ಲ. ಪುಸ್ತಕದ ಆಫೀಸಿನವರು ಎಂದಷ್ಟೇ ತಿಳಿದು ಎದ್ದು ಕೂರಲು ನೋಡಿದರಂತೆ. "ಪುಸ್ತಕದಾಗ ಬರದಂಗ ಮಾಡೀನ್ರೀ ಅಕ್ಕಾರ. ನಂದೇನ್ ತಪ್ಪಿಲ್ಲಲ್ರೀ?" ಎಂದು ಕೇಳಿದರಂತೆ.

ಇದನ್ನು ಹೇಳುವಾಗ ಶಹರ್ಬಾನು ಗೋಂದಿನ ಬಟ್ಟಲು ಪಕ್ಕಕ್ಕಿಟ್ಟು ಕಿಟಕಿ ಕಡೆ ತಿರುಗುತ್ತಾರೆ. ಕಣ್ಣು ಒರೆಸಿಕೊಳ್ಳುವುದನ್ನು ಮುಚ್ಚಿಡುವುದೂ ಇಲ್ಲ. "ತಪ್ಪು ನಂದು. ಕಾಗದ ನಂಬ್ದೆ, ಪುಸ್ತಕ ನೋಡ್ಲಿಲ್ಲ," ಎನ್ನುತ್ತಾರೆ. ವಿಚಾರಣೆಯಲ್ಲಿ ಇವರ ಮೇಲೆ ಯಾವ ತಪ್ಪೂ ಬರಲಿಲ್ಲ. ಇವರು ಮಾತ್ರ ಇಂದಿಗೂ ತಮ್ಮನ್ನು ತಾವು ಕ್ಷಮಿಸಿಲ್ಲ.

ಈಗಿನ ತಗಾದೆ ಮೂರನೆಯ ತಿದ್ದುಪಡಿಯದು. ಗಾಳಿ ಜೋರಾದರೆ ಹೆಲಿಕಾಪ್ಟರ್ ಇಳಿಯಬೇಕೋ ಬೇಡವೋ ಎಂಬುದಕ್ಕೆ ಕೊನೆಯ ಮಾತು ಹಳೆಯ ಪುಟದಲ್ಲಿ ನೆಲದ ಮೇಲಿನ ಅಧಿಕಾರಿಯದು, ಹೊಸ ಪುಟದಲ್ಲಿ ಪೈಲಟ್‌ನದು. ನಾನೂರ ಒಂದು ಹಳೆಯ ಪುಟಗಳು ಬಂದಿವೆ. ಉಳಿದ ಹನ್ನೊಂದರಲ್ಲಿ ಆರು ಕಡೆಯಿಂದ ಬರಿಯ ಚೀಟಿ, ಐದು ಕಡೆಯಿಂದ ಅದೂ ಇಲ್ಲ. ಶುಕ್ರವಾರ ಮೂರೂ ಪಡೆಗಳ ಪರಿಶೀಲನಾ ಮಂಡಳಿ ಬರುತ್ತಿದೆ. 'ನನಗೆ ತಿಳಿದಂತೆ ಎಲ್ಲ ಪ್ರತಿಗಳೂ ತಿದ್ದುಪಡಿಯಾಗಿವೆ' ಎಂಬ ಪ್ರಮಾಣಪತ್ರ ಕಡತದ ಮೊದಲ ಹಾಳೆಯಾಗಬೇಕು. ಮೊದಲ ಸಹಿ ಈ ಕುರ್ಚಿಯಲ್ಲಿ ಕೂತವರದು, ಅದರ ಕೆಳಗೆ ವಿಭಾಗದ ಮುಖ್ಯಸ್ಥರಾದ ಸಾಹೇಬರದು.

ಮಂಗಳವಾರ ಆಫೀಸ್ ಸೂಪರಿಂಟೆಂಡೆಂಟ್ ಬ್ಯಾಟರಾಯಪ್ಪ ರಾಯಭಾರಕ್ಕೆ ಬರುತ್ತಾರೆ. ಅಟ್ಟೂರಿನವರು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಪೈಕಿ.

"ಅಲ್ಲಾ ಮೇಡಮ್ಮೋರೆ, ಇಂಗೆ ಅಟ ಇಡುದ್ರೆ ಎಂಗೆ? ಆರು ಚೀಟಿ ಬಂದೈತೆ, ಸೈನ್ ಐತೆ, ಸೀಲ್ ಐತೆ. ಇನ್ನೈದು ಇವತ್ತಲ್ಲ ನಾಳೆ ಬತ್ತದೆ. ಊರಿಗ್ ಬಂದೋಳು ನೀರಿಗ್ ಬರಾಕಿಲ್ವಾ?"

"ನೀರಿಗ್ ಬಂದ್ಮೇಲೆ ಬಂದ್ಲು ಅಂತ ಬರೀತೀನಿ ಕಣ್ರೀ ಬ್ಯಾಟರಾಯಪ್ಪ. ಅಲ್ಲೀವರ್ಗೂ ಬಂದಿಲ್ಲ ಅಂತಾನೇ ಬರಿಯೋದು."

ಮಧ್ಯಾಹ್ನ ಸಾಹೇಬರೇ ಕರೆಸುತ್ತಾರೆ. ಪುಟ ವಾಪಸು ಬರಬೇಕೆಂದು ಯಾವ ನಿಯಮದಲ್ಲಿದೆ ಎಂದು ಕೇಳುತ್ತಾರೆ. ಇಲ್ಲ ಎಂದು ಇವರು ಒಪ್ಪಿಕೊಳ್ಳುತ್ತಾರೆ. ಪ್ರಮಾಣಪತ್ರದಲ್ಲಿ 'ನನಗೆ ತಿಳಿದಂತೆ' ಎಂದಿದೆ, ತನಗೆ ತಿಳಿದಿಲ್ಲ ಎಂದೂ ಹೇಳುತ್ತಾರೆ. ಒಂದು ಸಹಿ ತಾನೇ, ಅಷ್ಟೇ ಅಲ್ಲವೇ ಎಂದು ಸಾಹೇಬರು ಪೆನ್ನು ಮುಂದೆ ಮಾಡುತ್ತಾರೆ.

"ಅಷ್ಟೇ ಆಗಿದ್ರೆ ಮೊದಲನೇ ಸಹೀನೂ ನೀವೇ ಹಾಕ್ಬಿಡಿ ಸರ್, ಅಂದೆ," ಎಂದು ಶಹರ್ಬಾನು ಆಮೇಲೆ ನೆನೆಯುತ್ತಾರೆ. "ಅವರು ಪೆನ್ನು ಜೇಬಿಗಿಟ್ಕೊಂಡ್ರು."

ಬುಧವಾರ ಆದೇಶ ಬರುತ್ತದೆ. ಶಹರ್ಬಾನು ಹಳೆಯ ಕಡತಗಳ ಕೋಣೆಗೆ. ಅವರ ಜಾಗಕ್ಕೆ ಪಕ್ಕದ ವಿಭಾಗದ ವಿಜಯಕುಮಾರ. ಸಹಿ ಹಾಕದ ಕೈ ಬದಲಿಸಿದರೆ ಸಹಿ ಬಂದೀತೆಂಬ ಲೆಕ್ಕಾಚಾರ ಎಳೆಮಗುವಿಗೂ ಅರ್ಥವಾಗುತ್ತದೆ. ಅಂದು ಸಂಜೆ ಗಂಗಾನಗರದ ಮನೆಯಲ್ಲಿ ಖಾದರ್ ಬಾಷಾ, "ಕೈಕು ಇತ್ತಾ ಜಿದ್?" ಎಂದು ಕೇಳುತ್ತಾರೆ. ಯಾಕಿಷ್ಟು ಹಠ ಎಂದು. ಎರಡನೆಯ ಸಲ ಕೇಳದೆ, ತಾವೇ ಹೋಗಿ ಚಹಾ ಮಾಡಿ ತರುತ್ತಾರೆ.

ಗುರುವಾರ ಚಾರ್ಜ್ ಹಸ್ತಾಂತರ. ಕಲಬುರಗಿಯಿಂದ ಬಂದು ಇಲ್ಲಿ ಹನ್ನೊಂದು ವರ್ಷವಾಗಿರುವ ವಿಜಯಕುಮಾರ ನಲವತ್ತೈದರ ಸೌಮ್ಯ ಮನುಷ್ಯ. ಯಾರ ಜೊತೆಗೂ ಜಗಳವಾಡಿದವರಲ್ಲ. ಶಹರ್ಬಾನು ಬೀಗದ ಕೈ ಕೊಟ್ಟು ಎದ್ದು ಹೋಗಬಹುದಿತ್ತು. ಹೋಗುವುದಿಲ್ಲ. ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ನಾನೂರ ಒಂದು ಹಳೆಯ ಪುಟಗಳನ್ನೂ ಒಂದೊಂದಾಗಿ ಸಂಖ್ಯೆ ಓದಿ ಅವರ ಕೈಗಿಡುತ್ತಾರೆ. ಮೂರು ಗಂಟೆ ಹಿಡಿಯುತ್ತದೆ.

"ಉಳದ ಹನ್ನೊಂದ್ ಎಲ್ಲಿ ಅದಾವ್ರೀ?" ಎಂದು ವಿಜಯಕುಮಾರ ಕೇಳುತ್ತಾರೆ.

"ಆರು ಕಡೆಯಿಂದ ಚೀಟಿ ಬಂದಿದೆ, ಪುಟ ಇಲ್ಲ. ನೀವೇ ಒಂದ್ ಫೋನ್ ಮಾಡಿ ನೋಡಿ. ಆಮೇಲೆ ನಿಮ್ಮಿಷ್ಟ."

ವಿಜಯಕುಮಾರ ಆರರಲ್ಲಿ ಒಂದು ತುಕಡಿಗೆ ಆಫೀಸಿನ ಲೈನಿನಿಂದ ಫೋನು ಹಚ್ಚುತ್ತಾರೆ. ಆ ಕಡೆಯ ಗುಮಾಸ್ತ ಉರಿದುಬೀಳುತ್ತಾನೆ. ಚೀಟಿ ಕಳಿಸಿ ತಿಂಗಳಾಯಿತು, ಎಷ್ಟು ಸಲ ಹೇಳಬೇಕು ಎನ್ನುತ್ತಾನೆ. ವಿಜಯಕುಮಾರ ಮೆತ್ತಗೆ, ಪುಸ್ತಕ ತೆಗೆದು ನಲವತ್ತೇಳನೆಯ ಪುಟ ಓದಿ ಎಂದು ಕೇಳುತ್ತಾರೆ. ಆತ ಗೊಣಗುತ್ತ ಪುಸ್ತಕ ತಂದು ಓದುತ್ತಾನೆ. ಗಾಳಿ ಜೋರಾದಾಗ ಕೊನೆಯ ಮಾತು ನೆಲದ ಮೇಲಿನ ಅಧಿಕಾರಿಯದು, ಎಂದು ಅವನ ದನಿಯಲ್ಲೇ ಹಳೆಯ ಪುಟ ಕೇಳಿಸುತ್ತದೆ. ಓದುತ್ತ ಓದುತ್ತ ಅವನಿಗೇ ಅರಿವಾಗುತ್ತದೆ.

ವಿಜಯಕುಮಾರ ಫೋನಿಟ್ಟು ಒಂದು ಲೋಟ ನೀರು ಕುಡಿಯುತ್ತಾರೆ. ಶಹರ್ಬಾನು ಕನ್ನಡಕದ ಡಬ್ಬಿ, ಟಿಫಿನ್ ಬ್ಯಾಗು ತೆಗೆದುಕೊಂಡು ಹಳೆಯ ಕಡತಗಳ ಕೋಣೆಗೆ ನಡೆಯುತ್ತಾರೆ. ನೆಲಮಹಡಿಯ ಆ ಕೋಣೆಗೆ ಫ್ಯಾನ್ ಇದೆ, ತಿರುಗುವುದಿಲ್ಲ.

ಶುಕ್ರವಾರ ಹತ್ತೂವರೆಗೆ ಬ್ಯಾಟರಾಯಪ್ಪ ಏದುಸಿರು ಬಿಡುತ್ತ ಅಲ್ಲಿಗೆ ಬರುತ್ತಾರೆ. ಕೈಯಲ್ಲಿ ಪ್ರಮಾಣಪತ್ರದ ಜೆರಾಕ್ಸ್. 'ಎಲ್ಲ ಪ್ರತಿಗಳೂ' ಎಂಬುದನ್ನು ಹೊಡೆದುಹಾಕಿ, ಮೇಲೆ ದುಂಡಗಿನ ಅಕ್ಷರದಲ್ಲಿ 'ನಾನೂರ ಒಂದು ಪ್ರತಿಗಳು; ಹನ್ನೊಂದು ಬಾಕಿ' ಎಂದು ಬರೆದು ವಿಜಯಕುಮಾರ ಸಹಿ ಹಾಕಿದ್ದಾರೆ. ಮಂಡಳಿಯವರು ಬಾಗಿಲಿಗೆ ಬಂದಾಗಿತ್ತು, ಮೂರನೆಯ ಗುಮಾಸ್ತನನ್ನು ಹುಡುಕಲು ಹೊತ್ತಿರಲಿಲ್ಲ. ಸಾಹೇಬರೂ ಕೆಳಗೆ ಸಹಿ ಹಾಕಿದ್ದಾರೆ. ಕಡತ ಒಳಗೆ ಹೋಗಿದೆ, ನಿಜದ ಜೊತೆಗೆ.

ಕುರ್ಚಿ ವಾಪಸು ಕೊಡುತ್ತಾರೆಯೇ ಎಂದರೆ ಶಹರ್ಬಾನು ಕೈ ಆಡಿಸಿಬಿಡುತ್ತಾರೆ. "ಕುರ್ಚಿಗೇನು, ಯಾರಾದ್ರೂ ಕೂತ್ಕೊಳ್ಲಿ. ನನ್ ಆಸೆ ಒಂದೇ. ರಿಟೈರ್ ಆಗೋದ್ರೊಳಗೆ ಆ ಹನ್ನೊಂದೂ ಬರ್ಬೇಕು. ಬಾಕಿ ಇಲ್ಲ ಅಂತ ವಿಜಯಕುಮಾರ ಅವರು ನಿಜವಾಗ್ಲೂ ಬರಿಯೋದನ್ನ ನೋಡ್ಬೇಕು."

ಬ್ಯಾಟರಾಯಪ್ಪ ಹಳೆಯ ಕಡತದ ಗಂಟಿನ ಮೇಲೆ ಕುಸಿದು ಕೂತು ತಲೆ ಚಚ್ಚಿಕೊಳ್ಳುತ್ತಾರೆ. "ಎಷ್ಟ್ ಸಾಧು ಮನ್ಸ ಅವ್ನು! ನಿಮ್ ರೋಗ ಅವ್ನ್ಗೂ ಅಂಟುಸ್ಬುಟ್ರಲ್ಲಾ ಮೇಡಮ್ಮೋರೆ!"

"ರೋಗ ಅಲ್ಲ ಕಣ್ರೀ," ಎನ್ನುತ್ತಾರೆ ಶಹರ್ಬಾನು. "ಚಾರ್ಜ್ ಕೊಡಿ ಅಂದ್ರಿ, ಕೊಟ್ಟೆ. ಅವರು ತಗೊಂಡ್ರು."