ಟೀಚರಮ್ಮನ ಎಡಗೈ

ಹೋದ ವಾರ ಅಟ್ಟ ಗುಡಿಸುವಾಗ ಹಳೆಯ ಬಿಸ್ಕತ್ತಿನ ಡಬ್ಬವೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಹುಳಿ ಮಜ್ಜಿಗೆಯಂಥ ವಾಸನೆ ಮೂಗಿಗೆ ಅಡರಿತು. ಒಳಗಿದ್ದದ್ದು ರೆಕಾರ್ಡಿಂಗ್ ಟೇಪಿನ ಒಂದು ಸುರುಳಿ, ಟೀಚರಮ್ಮನ ಪಿಯಾನೋ ಹಿಡಿದದ್ದು. ಥೂ, ಇದನ್ನು ಯಾಕಾದರೂ ಇಟ್ಟುಕೊಂಡಿದ್ದೆನೋ... ಟೀಚರಮ್ಮ ಎದುರಿಗೆ ಬಂದು ನಿಂತಂತಾಗಿ ಅಲ್ಲೇ ಕುಳಿತುಬಿಟ್ಟೆ.

ಐವತ್ತರ ದಶಕದ ಕೊನೆಯ ಮಾತು. ಹುಣಸೂರಿನಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ರೇಡಿಯೋ, ಗ್ರಾಮಾಫೋನು ಏನೇ ಕೆಟ್ಟರೂ ಜನ ನನ್ನ ಬಳಿಗೇ ಬರಬೇಕಿತ್ತು, ಹಾಗಾಗಿ ಒಂದಿಷ್ಟು ಕೊಬ್ಬೂ ಇತ್ತು. ಟೀಚರಮ್ಮ ಸ್ಕೂಲಿನಿಂದ ರಿಟೈರಾಗಿ ನಮ್ಮಿಂದ ಎರಡು ಬೀದಿ ಆಚೆ ಒಬ್ಬರೇ ಇದ್ದರು. ಅವರ ಮನೆಯಲ್ಲಿ ಕರೆಂಟಿರಲಿಲ್ಲ, ಆದರೆ ಪಿಯಾನೋ ಇತ್ತು! ಕೊಡಗಿನ ಕಾಫಿತೋಟದ ದೊರೆಯೊಬ್ಬ ದೇಶ ಬಿಟ್ಟು ಹೋಗುವಾಗ ಮಾರಿದ್ದಂತೆ.

ಹಿಂದಿನ ವರ್ಷ ಅವರು ಬಚ್ಚಲಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಿದ್ದರು. ಮೂಳೆ ಕೂಡಿತ್ತು. ಅಷ್ಟರಲ್ಲಿ ಮೈಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಿಂದ, ಪಿಯಾನೋ ಹೇಳಿಕೊಡಲು ಬನ್ನಿ ಎಂದು ಕಾಗದ ಬಂತು. ಅವರಿಗೆ ಹೋಗುವ ಆಸೆ ಬೆಟ್ಟದಷ್ಟು. ಆದರೆ ಎಡಗೈ ಮೊದಲಿನಂತೆ ಆಗಿದೆಯೋ ಇಲ್ಲವೋ ಎಂಬ ಅನುಮಾನ.

"ನುಡಿಸೋವಾಗ ನಮ್ಮ ಕೈ ನಮಗೆ ಗೊತ್ತಾಗಲ್ಲ ಕಣಪ್ಪ. ದೂರ ಕೂತ್ಕೊಂಡು ನಾನೇ ಒಂದ್ಸಲ ಕೇಳ್ಬೇಕು. ಸರಿಯಾಗಿದ್ರೆ ಹೋಗ್ತೀನಿ, ಇಲ್ದಿದ್ರೆ ಮಕ್ಕಳಿಗೆ ಮೋಸ ಮಾಡಲ್ಲ" ಎಂದರು. ಉಳಿಸಿಟ್ಟ ಹಣವನ್ನು ನನ್ನ ಕೈಗಿಟ್ಟು, ಅಷ್ಟರಲ್ಲೇ ಬರುವಂಥ, ಮನೆಗೆ ಹೊತ್ತು ತರಬಹುದಾದಂಥ ಟೇಪ್ ರೆಕಾರ್ಡರೊಂದನ್ನು ನೋಡಿ ಆರಿಸಿಕೊಂಡು ಬಾ ಎಂದರು.

"ನಂಗ್ ಬುಡಿ ಟೀಚರಮ್ಮ, ಇದೇನ್ ಮಹಾ!" ಎಂದೆ.

ಮೈಸೂರಿನ ಅಂಗಡಿಯಲ್ಲಿ ಆ ಹಣಕ್ಕೆ ಎರಡು ಮಿಷಿನ್ನುಗಳಿದ್ದವು. ಒಂದು ಸೆಕೆಂಡ್ ಹ್ಯಾಂಡ್, ಟ್ರಂಕಿನಷ್ಟು ಭಾರ, ಕರೆಂಟು ಬೇಕು. ಇನ್ನೊಂದು ಹೊಸದು, ಬ್ಯಾಟರಿಯದು, ಟಿಫನ್ ಕ್ಯಾರಿಯರಿನಂತೆ ಕೈಯಲ್ಲಿ ಹಿಡಿದು ನಡೆಯಬಹುದು. ಅಂಗಡಿಯವರು ಬಾಯಿಬಿಟ್ಟೇ ಹೇಳಿದರು: "ಪಿಯಾನೋಗಾದ್ರೆ ದೊಡ್ಡದು ತಗೊಳ್ಳಿ ಸ್ವಾಮಿ. ಈ ಚಿಕ್ಕದು ಮಾತಿಗೆ ಚೆನ್ನಾಗಿದೆ, ಕೆಳಗಿನ ದಪ್ಪ ಸ್ವರ ಹಿಡಿಯಲ್ಲ."

ಟೀಚರಮ್ಮನ ಮನೆ ಪಕ್ಕದಲ್ಲೇ ಕರೆಂಟಿನ ಹಿಟ್ಟಿನ ಗಿರಣಿ ಇತ್ತು. ಅಲ್ಲಿಂದ ಒಂದು ವೈರ್ ಎಳೆಯುವುದು ನನಗೆ ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಆದರೆ ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಆ ಚಿಕ್ಕ ಮಿಷಿನ್ನನ್ನು ಆಗಾಗ ಟೀಚರಮ್ಮನಿಂದ ಕಡ ತಂದು ಕೋಟೆ, ಸರಗೂರು ಕಡೆಯ ಊರುಗಳ ಮದುವೆಗಳಲ್ಲಿ ಜನರ ದನಿ ಹಿಡಿದು ಅವರಿಗೇ ಕೇಳಿಸಿದರೆ ನನ್ನ ಹೆಸರು ಹೇಗಾಗಬಹುದು! ಪಿಯಾನೋವನ್ನು ಮರೆತು, ನನ್ನ ಸೈಕಲ್ ಕ್ಯಾರಿಯರಿಗೆ ಹೊಂದುವುದನ್ನು ಆರಿಸಿಕೊಂಡೆ. "ಹಲೋ, ಹಲೋ" ಎಂದು ನನ್ನ ಗಂಟಲಲ್ಲೇ ಪರೀಕ್ಷೆ ಮಾಡಿ ಮುಗಿಸಿದೆ.

ಭಾನುವಾರ ಮಧ್ಯಾಹ್ನ ಟೀಚರಮ್ಮ ಇಸ್ತ್ರಿ ಸೀರೆ ಉಟ್ಟು ಪಿಯಾನೋ ಮುಂದೆ ಕುಳಿತರು. ಆ ಸಂಗೀತ ನನಗೆ ತಿಳಿಯದು. ಆದರೆ ಅವರ ಎಡಗೈ ಒತ್ತಿದಾಗಲೆಲ್ಲ ಆ ದಪ್ಪ ಸ್ವರ ನೆಲದಿಂದ ನನ್ನ ಅಂಗಾಲಿಗೆ ತಾಗುತ್ತಿತ್ತು. ಅಷ್ಟು ಗಟ್ಟಿಯಾಗಿತ್ತು.

ನುಡಿಸಿದ್ದಾದ ಮೇಲೆ ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದೆ. ಅವರು ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತರು. ಬಲಗೈಯ ಸ್ವರಗಳು ಟಣಟಣ ಎಂದು ಬಂದವು. ಎಡಗೈಯದು ಇಲ್ಲವೆಂಬಷ್ಟು ಸಣ್ಣಗೆ... ಟೀಚರಮ್ಮ ಕಣ್ಣು ತೆರೆದು ತಮ್ಮ ಮಣಿಕಟ್ಟನ್ನೇ ನೋಡಿದರು.

"ಮಿಷಿನ್ ಸರಿಯಾಗಿದೆಯೇನಪ್ಪ?"

ಅಂಗಡಿಯವರು ಹೇಳಿದ್ದ ಆ ಒಂದೇ ಒಂದು ಮಾತು ಸಾಕಿತ್ತು. "ಸರಿಗೈತೆ ಟೀಚರಮ್ಮ. ಒಸಾ ಮಿಷಿನ್ನು" ಎಂದುಬಿಟ್ಟೆ.

"ಹಂಗಾದ್ರೆ ಕೈ ಹೋಗಿದೆ ಬಿಡು" ಎಂದು ಎದ್ದು ಪಿಯಾನೋದ ಮುಚ್ಚಳ ಹಾಕಿದರು. ಅಲ್ಲೇ ಕುಳಿತು, ಬರಲಾಗುವುದಿಲ್ಲ ಎಂದು ಶಾಲೆಗೆ ಕಾಗದ ಬರೆದು ಪೋಸ್ಟಿಗೆ ಹಾಕಲು ನನಗೇ ಕೊಟ್ಟರು. "ಇದು ಇನ್ನು ನನಗ್ಯಾಕೆ, ನೀನೇ ಇಟ್ಕೊಳ್ಳಪ್ಪ, ಪಾಪ ಅಷ್ಟು ಓಡಾಡಿದ್ದೀಯ" ಎಂದು ಮಿಷಿನ್ನನ್ನೂ ಕೊಟ್ಟರು. ನಾನು ತೆಗೆದುಕೊಂಡೆ. ನಾಚಿಕೆಗೆಟ್ಟವನು, ಎರಡನ್ನೂ ತೆಗೆದುಕೊಂಡೆ. ಪೋಸ್ಟ್ ಡಬ್ಬದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ನಿಜ. ಆಮೇಲೆ ಕಾಗದ ಒಳಗೆ ಹಾಕಿದೆ.

ಮಿಷಿನ್ನು ಕೋಟೆ, ಸರಗೂರೆಲ್ಲ ಸುತ್ತಿತು. ನನ್ನ ಹೆಸರೂ ಆಯಿತು. ಟೀಚರಮ್ಮ ಪಿಯಾನೋ ಮಾರಿದರು. ಒಂದೆರಡು ವರ್ಷವಾದ ಮೇಲೆ ತಂಗಿಯ ಮನೆಗೆಂದು ಊರು ಬಿಟ್ಟರು, ಅಲ್ಲೇ ತೀರಿಹೋದರಂತೆ.

ನಿನ್ನೆ ಸೊಸೆಗೆ ಇದನ್ನೆಲ್ಲ ಹೇಳಿದೆ. ಮೊದಲ ಸಲ ಬಾಯಿ ಬಿಟ್ಟದ್ದು. "ಆಮ್ಯಾಕಾದ್ರೂ ಓಗಿ ಏಳ್ಬುಡಬೋದಿತ್ತಲ್ಲ ಮಾವ" ಎಂದಳು. ಹೇಳಬಹುದಿತ್ತು. ಊರು ಬಿಡುವ ತನಕ ಅವರು ತರಕಾರಿ ತರಲು ನನ್ನ ಅಂಗಡಿ ಮುಂದೆಯೇ ಹೋಗಿ ಬರುತ್ತಿದ್ದರು. ಎಷ್ಟೇ ಭಾರವಿದ್ದರೂ ಚೀಲ ಬಲಗೈಯಲ್ಲೇ. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿರುತ್ತಿದ್ದರು. ಆ ಕೈಗೆ ಏನೂ ಆಗಿರಲಿಲ್ಲ.