ಜೀನಿನ ಹಣೆಗಿಟ್ಟ ಕುಂಕುಮ

ಅಕ್ಟೋಬರ್ ತಿಂಗಳ ಒಂದು ಶುಕ್ರವಾರ ಬೆಳಕು ಹರಿಯುವ ಮುಂಚೆಯೇ ನಾವು ನಮ್ಮ ಮನೆಯಿರುವ ರಾಚೆಸ್ಟರ್ ಹಿಲ್ಸ್ ಬಿಟ್ಟೆವು. ನಾವು ಎಂದರೆ ನಾನು, ನನ್ನ ಹೆಂಡತಿ ಸವಿತಾ ಮತ್ತು ಹಿಂದಿನ ಸೀಟನ್ನು ಪೂರ್ತಿ ಆಕ್ರಮಿಸಿಕೊಂಡಿದ್ದ ಒಂದು ಕುದುರೆ ಜೀನು. ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟ್. ಚಳಿ ತಡೆಯದೆ ಹೀಟರ್ ಹಾಕಲು ಕೈ ಚಾಚಿದೆ. "ಬ್ಯಾಡ್ರಿ, ತೊಗಲು ಒಣಗತೈತಿ," ಎಂದಳು ಸವಿತಾ. ಜೀನಿಗೆ ಬಿಸಿಲು ತಾಗಬಾರದೆಂದು ಕಿಟಕಿಗೆ ಪರದೆ, ಜರುಗಬಾರದೆಂದು ಸೀಟ್ ಬೆಲ್ಟ್. ನನಗೆ ಮಾತ್ರ ಒಂದು ಹಳೆಯ ಜಾಕೆಟ್ಟು.

ಸವಿತಾ ಗದಗಿನವಳು, ಕಾರಿನ ಸೀಟುಗಳನ್ನು ರೂಪಿಸುವ ಎಂಜಿನಿಯರ್. ನಾನು ಮೈಸೂರಿನವನು, ಮಕ್ಕಳ ಡಾಕ್ಟರು. ಅವಳು ಡಿಯರ್‌ಬಾರ್ನ್‌ಗೆ ಕೆಲಸಕ್ಕೆಂದು ದಿನವೂ ಡ್ರೈವ್ ಮಾಡಿ ಅರ್ಧ ಆಯುಸ್ಸು ಕಳೆದಿದ್ದಾಳೆ. "ನಾ ಮಾಡಿದ ಸೀಟಿನ್ಯಾಗ ಲಕ್ಷಗಟ್ಟಲೆ ಮಂದಿ ಕುಂತಾರ, ಆದ್ರ ಅದು ನಂದು ಅಂತ ಯಾರಿಗೂ ಗೊತ್ತಿಲ್ಲ," ಎಂದು ಆಗಾಗ ಹೇಳುತ್ತಿದ್ದಳು. ಅದನ್ನು ನಾನು ತಮಾಷೆಯೆಂದು ತಿಳಿದಿದ್ದೆ. ಒಂದು ದಿನ ಹಳ್ಳಿಯ ಕಡೆ ಯಾರೋ ಜೀನು ಮಾಡುವುದನ್ನು ಕಲಿಸುತ್ತಾರೆಂದು ಹೋದವಳು ಅರ್ಧ ಆಕಳಿನಷ್ಟು ಚರ್ಮ ಹೊತ್ತು ಮನೆಗೆ ಬಂದಳು. ಅಂದಿನಿಂದ ನನ್ನ ಕಾರು ಗ್ಯಾರೇಜಿನ ಹೊರಗೆ ಹಿಮದಲ್ಲಿ ನಿಲ್ಲತೊಡಗಿತು.

ಇಂಥ ಜೀನು ಕೌಬಾಯ್‌ಗಳದ್ದು. ಒಳಗೆ ಮರದ ಚೌಕಟ್ಟು, ಅದರ ಮೇಲೆ ಬಿಗಿದ ಹಸಿ ತೊಗಲು, ಆಮೇಲೆ ದಪ್ಪ ಚರ್ಮ. ಮುಂದೆ ಹಗ್ಗ ಸುತ್ತಲು ಒಂದು ಕೊಂಬು. ಚರ್ಮವನ್ನು ತೇವ ಮಾಡಿ, ಸಣ್ಣ ಚಾಕುವಿನಿಂದ ಹೂಬಳ್ಳಿ ಕೊರೆದು, ಸುತ್ತಲಿನ ಜಾಗವನ್ನು ಅಚ್ಚಿಟ್ಟು ಕೊಡತಿಯಿಂದ ತಟ್ಟಿ ತಗ್ಗಿಸಿದರೆ ಹೂವು ಮೇಲೆದ್ದು ನಿಲ್ಲುತ್ತದೆ. ಒಮ್ಮೆ ಚಾಕು ಎಳೆದ ಗೆರೆಯನ್ನು ಅಳಿಸುವಂತಿಲ್ಲ. ಸವಿತಾ ಜೀನಿನ ತುಂಬ ಕಾಡುಗುಲಾಬಿ ಅರಳಿಸಿದ್ದಳು. ಎಲ್ಲವೂ ಜೀನು ಕಲಿಸಿದ ಗುರುಗಳು ಕೊಟ್ಟ ನಕ್ಷೆಯಂತೆ. ಕೊಂಬಿನ ಕೆಳಗೆ ನಕ್ಷೆಯಲ್ಲೇನೂ ಇರದ ಅಂಗೈಯಗಲ ಜಾಗವನ್ನು ಮಾತ್ರ ಬೋಳಾಗಿ ಬಿಟ್ಟಿದ್ದಳು.

ಶಿಕಾಗೋ ಹತ್ತಿರದ ಅರೋರಾದ ಆಚೆ, ಮೆಕ್ಕೆಜೋಳದ ಹೊಲಗಳ ನಡುವಿನ ಮೈದಾನದಲ್ಲಿ ಶನಿವಾರ ಜೀನುಗಳ ಪ್ರದರ್ಶನವಿತ್ತು. ಅಲ್ಲಿಯ ಪದ್ಧತಿ ಸರಳ. ಹೊಸಬರ ಜೀನುಗಳಲ್ಲಿ ಒಂದನ್ನು ಆರಿಸಿ, ನಿಜವಾದ ಕುದುರೆಗೆ ಕಟ್ಟಿ, ಜನರೆದುರು ಒಂದು ಸುತ್ತು ಓಡಿಸುತ್ತಾರೆ. "ನನ್ನ ಸೀಟಿನ್ಯಾಗ ಒಬ್ಬರು ಕುಂತಿದ್ದು ಕಣ್ಣಾರೆ ನೋಡಬೇಕ್ರಿ. ಅಷ್ಟ ಸಾಕು," ಎಂದಿದ್ದಳು. ಇಷ್ಟಕ್ಕಾಗಿ ಮುನ್ನೂರು ಚಿಲ್ಲರೆ ಮೈಲಿ.

ಕಲಮಜೂ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ನಿಂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಪಕ್ಕದ ಟ್ರಕ್ಕಿನ ಡ್ರೈವರ್ ನಮ್ಮ ಕಿಟಕಿಯಲ್ಲಿ ಇಣುಕಿ, "ಕುದುರೆ ಎಲ್ಲಿ?" ಎಂದು ಕೇಳಿದ. ಸವಿತಾ ರೊಟ್ಟಿ ಮುರಿಯುತ್ತಲೇ ನನ್ನತ್ತ ಗಲ್ಲ ಆಡಿಸಿ, "ಡ್ರೈವ್ ಮಾಡ್ತಾ ಇದೆ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಇಂಡಿಯಾನಾದಲ್ಲಿ ಕಾಲವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಹಾಗೆ ಸಿಕ್ಕ ಗಂಟೆಯನ್ನು ಶಿಕಾಗೋ ಟ್ರಾಫಿಕ್ಕು ಬಡ್ಡಿ ಸಮೇತ ನುಂಗಿತು. ಅರೋರಾ ಸೇರಿದಾಗ ಮಧ್ಯಾಹ್ನ, ಬಿಸಿಲೂ ಬಂದಿತ್ತು. ಬಾಲಾಜಿ ದೇವಸ್ಥಾನಕ್ಕೆ ಹೋಗಿ ಬರೋಣವೆಂದೆ. ಚರ್ಮದ ಬೆಲ್ಟು, ಪರ್ಸು ಕಾರಿನಲ್ಲೇ ಬಿಟ್ಟು ದರ್ಶನ ಮಾಡಿದೆವು. ಸವಿತಾ ಪುಳಿಯೋಗರೆ ಕೊಳ್ಳಲು ಕ್ಯಾಂಟೀನಿನ ಸಾಲಿನಲ್ಲಿ ನಿಂತಳು. ನಾನು ಕಾರಿನ ಹತ್ತಿರ ಬಂದೆ.

ಪಾರ್ಕಿಂಗ್ ಲಾಟಿನಲ್ಲಿ ಯಾರದೋ ಹೊಸ ಎಸ್‌ಯುವಿಗೆ ಪೂಜೆ ನಡೆಯುತ್ತಿತ್ತು. ಚಕ್ರದಡಿ ನಿಂಬೆಹಣ್ಣು, ಬಾನೆಟ್ಟಿಗೆ ಸ್ವಸ್ತಿಕ. ನೋಡಿದವನಿಗೆ ಭಕ್ತಿ ಉಕ್ಕಿತು. ಎಲ್ಲರ ವಾಹನಕ್ಕೂ ಪೂಜೆ, ನಮ್ಮ ಜೀನು ಏನು ಪಾಪ ಮಾಡಿತ್ತು? ಪ್ರಸಾದದ ಕುಂಕುಮ ಪೊಟ್ಟಣದಲ್ಲಿತ್ತು. ಬಾಟಲಿಯ ನೀರಲ್ಲಿ ಉಂಗುರದ ಬೆರಳು ಅದ್ದಿ, ಕೊಂಬಿನ ಕೆಳಗಿನ ಆ ಬೋಳು ಜಾಗವೇ ಹಣೆಯೆಂದು ಭಾವಿಸಿ, ದಪ್ಪಗೆ ಒಂದು ಬೊಟ್ಟು ಇಟ್ಟೆ. ಚೆನ್ನಾಗಿಯೇ ಕಾಣುತ್ತಿತ್ತು.

ಪುಳಿಯೋಗರೆ ಹಿಡಿದು ಬಂದ ಸವಿತಾ ಬಾಗಿಲು ತೆಗೆದು ನಿಂತುಬಿಟ್ಟಳು. "ಯಾರು ಮಾಡಿದ್ರಿದು?"

"ನಾನೇ. ಒಳ್ಳೇದಾಗ್ಲಿ ಅಂತ."

"ಇನ್ನೂ ಎಣ್ಣಿ ಕುಡಿಸಿಲ್ರೀ ಅದಕ್ಕ! ಬರೇ ತೊಗಲು. ಬಣ್ಣ ಕುಡದುಬಿಡತೈತಿ!"

ಟಿಶ್ಯೂವಿನಿಂದ ಒರೆಸಿದಳು. ಬೊಟ್ಟು ಅಗಲವಾಯಿತು. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. ಕಣ್ಣು ತುಂಬಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ರಾತ್ರಿ ಉಳಿಯಬೇಕಿದ್ದದ್ದು ಸವಿತಾಳ ಕಾಲೇಜು ಗೆಳತಿ ಮಂಜುಳಾಳ ಮನೆಯಲ್ಲಿ, ಅಲ್ಲಿಂದ ಹತ್ತೇ ನಿಮಿಷ. ಮಂಜುಳಾ ಹುಬ್ಬಳ್ಳಿಯವಳು, ಗಟ್ಟಿ ಗಂಟಲಿನ ಹೆಂಗಸು. "ಲಿಂಬಿಹಣ್ಣು ಹಚ್ಚು, ಹೋಗತೈತಿ," ಎಂದಳು. ಹಚ್ಚಿದರು. ಕುಂಕುಮದೊಳಗಿನ ಅರಿಶಿನ ಎಚ್ಚೆತ್ತು ಕೆಂಪು ಬೊಟ್ಟು ಹಳದಿಯಾಯಿತು, ಇನ್ನಷ್ಟು ಹರಡಿತು. "ಹಂಗಾರ ಕರೇ ಬಣ್ಣ ಬಳದುಬಿಡು," ಎಂದಳು ಮಂಜುಳಾ. ಸವಿತಾ ಡೈನಿಂಗ್ ಟೇಬಲ್ಲಿನ ಮೇಲಿದ್ದ ಜೀನಿನತ್ತ ಬಾಗಿ ಕಲೆಯ ಅಂಚಿಗೆ ಬೆರಳಾಡಿಸಿದಳು.

"ಹಳದಿ ಹೆಂಗೂ ಆಗೇತಿ. ಸೂರ್ಯಕಾಂತಿ ಮಾಡ್ತೀನಿ," ಎಂದಳು ಕೊನೆಗೆ.

"ನಕ್ಷೆ?" ಎಂದೆ.

"ಗದಗಿನ್ಯಾಗ ಸಣ್ಣಾಕಿದ್ದಾಗ ಸಾಲಿಗೆ ಹೋಗೂ ಹಾದಿ ತುಂಬ ಈ ಹೂವ ಇದ್ದೂ. ನನಗ ನಕ್ಷೆ ಬ್ಯಾಡ. ನೀವು ಮಾತ್ರ ಏನೂ ಮುಟ್ಟಬ್ಯಾಡ್ರಿ."

ಕಾರಿನ ಡಿಕ್ಕಿಯಲ್ಲಿದ್ದ ಹತಾರಗಳ ಪೆಟ್ಟಿಗೆ ತಂದು, ಸ್ಪಂಜಿನಿಂದ ಚರ್ಮ ನೆನೆಸಿ, ಹದಕ್ಕೆ ಬರಲು ಕಾದಳು. ಕೆಳಗೆ ಗಟ್ಟಿ ಮರವಿದ್ದುದರಿಂದ ಅಚ್ಚು ತಟ್ಟಲು ಅಡ್ಡಿಯಿರಲಿಲ್ಲ. ಮೊದಲ ಗೆರೆಗೆ ಉಸಿರು ಬಿಗಿಹಿಡಿದವನು ನಾನು, ಅವಳಲ್ಲ. ಗುಲಾಬಿಗಳನ್ನು ಕೊರೆಯುವಾಗ ಅವಳು ಹೆಜ್ಜೆಹೆಜ್ಜೆಗೂ ತಡೆದು ನೋಡುತ್ತಿದ್ದಳು. ಈಗ ಚಾಕು ತಡೆಯದೆ ಹರಿಯಿತು. ಹಳದಿಯ ಸುತ್ತ ಒಂದೊಂದೇ ದಳ ಎದ್ದವು, ಕೆಲವು ಉದ್ದ, ಕೆಲವು ಗಿಡ್ಡ, ಒಂದು ಗಾಳಿಗೆ ಮಡಚಿದಂತೆ. ಆಮೇಲೆ ಇಡೀ ಜೀನಿಗೆ ಎಣ್ಣೆ ಕುಡಿಸಿದಳು. ಚರ್ಮ ಜೇನಿನ ಬಣ್ಣಕ್ಕೆ ತಿರುಗಿತು. ಹೂವಿನ ನಡು ಮಾತ್ರ ಬಂಗಾರದಂತೆ ಉಳಿಯಿತು. ಮಂಜುಳಾ ಕುಂಕುಮದ ನೀರು ಕಲಸಿ ದೃಷ್ಟಿ ತೆಗೆಯಲು ಹೊರಟಳು. ನಾವಿಬ್ಬರೂ ಒಟ್ಟಿಗೇ "ಬೇಡ!" ಎಂದು ಕಿರುಚಿದೆವು.

ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಹುಲ್ಲು, ಕುದುರೆ ಲದ್ದಿ, ಕಾಫಿ ಎಲ್ಲದರ ವಾಸನೆಯೂ ಕಲೆತಿತ್ತು. ಟೋಪಿಯ ಒಬ್ಬ ಎತ್ತರದ ಮುದುಕ ತೀರ್ಪುಗಾರ. ಸಾಲಿನಲ್ಲಿದ್ದ ಜೀನುಗಳನ್ನೆಲ್ಲ ತಡವಿ, ಹೊಲಿಗೆ ಎಳೆದು, ಮಗುಚಿ ನೋಡುತ್ತ ಬಂದ. ಸವಿತಾಳ ಗುಲಾಬಿಗಳನ್ನು ನೋಡಿ ತಲೆಯಾಡಿಸಿದ. ಸೂರ್ಯಕಾಂತಿಯ ಮೇಲೆ ಬೆರಳು ನಿಂತಿತು.

"ಇದು ಬೇರೆ ಕೈಯ ಕೆಲಸ," ಎಂದ.

"ಅಲ್ಲ, ಕೈ ನನ್ನದೇ," ಎಂದು ಸವಿತಾ ಕುಂಕುಮದಿಂದ ನಿಂಬೆಹಣ್ಣಿನವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಮುಚ್ಚಿಡುವುದು ಅವಳ ಜಾಯಮಾನವಲ್ಲ. ಕೆಲಸ ಕೆಟ್ಟಿತು ಅಂದುಕೊಂಡೆ. ಮುದುಕ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದ.

"ನಾನು ಮಾಡಿದ ಪ್ರತಿ ಜೀನಿನಲ್ಲೂ ತಪ್ಪು ಮುಚ್ಚಿದ ಇಂಥದೊಂದು ಹೂವಿದೆ. ಯಾವುದು ಅಂತ ಯಾರಿಗೂ ಹೇಳಿಲ್ಲ," ಎಂದ. ಚೀಟಿಯ ಮೇಲೆ ಏನೋ ಗೀಚಿ ಮುಂದಕ್ಕೆ ನಡೆದ.

ಊಟದ ನಂತರ ಧ್ವನಿವರ್ಧಕ "ಸಾವೀಟಾ" ಎಂದು ಕೂಗಿತು. ನಾನು ಎದ್ದು ನಿಂತು ಶಿಳ್ಳೆ ಹೊಡೆದೆ. ನನ್ನ ವಯಸ್ಸಿಗೆ ಅದು ಸಲ್ಲುತ್ತದೋ ಇಲ್ಲವೋ ಗೊತ್ತಿಲ್ಲ, ಮತ್ತೊಮ್ಮೆಯೂ ಹೊಡೆದೆ. ಕಂದು ಕುದುರೆಯೊಂದಕ್ಕೆ ನಮ್ಮ ಜೀನು ಕಟ್ಟಿದರು. ಕೂರುವವಳು ಅರವತ್ತು ದಾಟಿದ ದನಗಾಹಿ ಹೆಂಗಸು, ಬಿಸಿಲಿಗೆ ಸುಟ್ಟ ಮುಖ, ನಗುವಿನ ಸುಳಿವಿಲ್ಲ. ಹತ್ತಿ ಕೂತಳು. ಸವಿತಾ ಬೇಲಿಯ ಸರಳು ಹಿಡಿದು ನಿಂತಿದ್ದಳು. ಆ ಹೆಂಗಸಿನ ಬೆನ್ನು, ಸೊಂಟ, ಮೊಣಕಾಲು ಬಿಟ್ಟು ಅವಳ ಕಣ್ಣು ಬೇರೆಲ್ಲೂ ಹೋಗಲಿಲ್ಲ.

ಒಂದು ಸುತ್ತು ಮುಗಿಯಿತು. ಗೇಟಿನವನು ಗೇಟು ತೆರೆದು ಹಿಡಿದ. ಆ ಹೆಂಗಸು ಅತ್ತ ನೋಡಲೇ ಇಲ್ಲ. ಜೀನಿನಲ್ಲಿ ಒಮ್ಮೆ ಹಿಂದಕ್ಕೆ ಸರಿದು ಆರಾಮಾಗಿ ಕೂತು, ಹಿಮ್ಮಡಿ ತಾಗಿಸಿ ಕುದುರೆಯನ್ನು ಇನ್ನೊಂದು ಸುತ್ತಿಗೆ ಓಡಿಸಿದಳು. ಜನ ಚಪ್ಪಾಳೆ ತಟ್ಟತೊಡಗಿದರು.

"ನೋಡ್ರಿ, ಇಳೀವಲ್ಲಳು!" ಸವಿತಾ ನನ್ನ ತೋಳು ಹಿಡಿದು ಜಗ್ಗಿದಳು. "ಇಳೀವಲ್ಲಳ್ರೀ!"

ಮೂರನೆಯ ಸುತ್ತಿಗೆ ಕುದುರೆ ನಮ್ಮೆದುರು ಹಾದುಹೋದಾಗ ಗೇಟಿನವನು ಇನ್ನು ಕಾಯುವುದು ವ್ಯರ್ಥವೆಂದು ಗೇಟನ್ನು ಮತ್ತೆ ಮುಚ್ಚಿದ.