ಸಂಜೆಯೊಳಗೆ ಕೈಗೆ ಬರಬೇಕಾದದ್ದು

ಅಕ್ಕ ಬರೆಯಲು ಹೇಳಿದ್ದ ಒಂದು ಸಾಲನ್ನು ನಾನು ಬರೆಯಲಿಲ್ಲ. ಮೊನ್ನೆ ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಕಂತೆ ಬಿಚ್ಚಿದಾಗ ಆ ಸಿಹಿ ಘಾಟು ಮೂಗಿಗೆ ಬಡಿದು ಎಲ್ಲ ಎದುರಿಗೆ ಬಂತು…

ಕಂಪಲಾಪುರದ ಬೆಳೆಗಾರರೊಬ್ಬರ ಶೆಡ್ಡಿನಲ್ಲಿ ಅಕ್ಕ ಹೆಂಗಸರಿಗೆ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಲು ಕಲಿಸುತ್ತಿದ್ದಳು. ನನ್ನಂತೆ ಅವಳೂ ಹೆಚ್ಚು ಓದಿದವಳಲ್ಲ. ಆದರೆ ಬೆಳಿಗ್ಗೆ ಬಂದವಳೇ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಯುತ್ತಿದ್ದಳು: ‘ಸಂಜೆಯೊಳಗೆ ನೀವು ಯಾರನ್ನೂ ಕೇಳದೆ ನಿಂಬೆ ಬಣ್ಣದ ಎಲೆ, ಕಿತ್ತಳೆ ಬಣ್ಣದ ಎಲೆ ಬೇರೆ ಮಾಡುತ್ತೀರಿ.’ ಸಂಜೆ ಪ್ರತಿಯೊಬ್ಬರ ಮುಂದೂ ಬೆರಕೆ ಕಂತೆ ಇಡುತ್ತಿದ್ದಳು. ಪಾಸಾದರೆ ಕಾಫಿ ಕೊಡಿಸುತ್ತೀಯಾ ಎಂದು ಅವರು ರೇಗಿಸುವರು. ಕೈ ತಪ್ಪದೆ ವಿಂಗಡಿಸಿದವರ ಮುಖ ನೋಡಬೇಕಿತ್ತು!

ಇದೆಲ್ಲ ಯಾಕೆ ಎಂದು ನಾನೊಮ್ಮೆ ನಕ್ಕಿದ್ದೆ.

“ಕಲೀರಿ ಅಂದ್ರೆ ಎಲ್ರೂ ಊಂ ಅಂತರೆ ಕಣೆ. ಏನ್ ಮಾಡಕ್ ಬರ್ಬೇಕು ಅಂತ ಯೋಳು, ಬಂತೋ ಬರ್ನಿಲ್ವೋ ಅವ್ರಿಗೇ ಗೊತ್ತಾಯ್ತದೆ” ಎಂದಿದ್ದಳು.

ಅವಳು ಮೈಸೂರಿನ ಆಸ್ಪತ್ರೆಗೆ ಹೋದ ದಿನ ಹೊಸಬರನ್ನು ನನಗೆ ಒಪ್ಪಿಸಿ, ಗೋಡೆಯ ಮೇಲೆ ಆ ಸಾಲನ್ನು ಬರೆ ಎಂದಳು. ಬರೆಯುವುದೆಲ್ಲ ಬರೀ ಜಂಬ ಎಂದುಕೊಂಡ ನಾನು, ಚೆನ್ನಾಗಿರುವುದನ್ನು ಒಂದು ಕಡೆ ಹಾಕಿ ಎಂದಷ್ಟೇ ಹೇಳಿದೆ. ಒಬ್ಬಳಿಗೆ ದೊಡ್ಡ ಎಲೆ ಚೆನ್ನ, ಇನ್ನೊಬ್ಬಳಿಗೆ ಹೊಳೆಯುವ ಎಲೆ ಚೆನ್ನ. ಬಣ್ಣವನ್ನು ಯಾರೂ ನೋಡಲಿಲ್ಲ. ಬಣ್ಣ ಬೆರಕೆಯಾಗಿದೆ ಎಂದು ಆ ಸೊಪ್ಪಿನ ಮೂಟೆ, ಆ ಬೇಲು, ಹರಾಜಿನಿಂದ ಹಾಗೆಯೇ ವಾಪಸ್ಸು ಬಂತು. ಬೆಳೆಗಾರರು ಅಕ್ಕನನ್ನು ಗದರಿದರು.

“ಗೋಡೆ ಮೇಲೆ ಬರ್ದಿದ್ಯೇನೆ?” ಎಂದು ಅವಳು ಕೇಳಿದಳು.

“ಬರ್ದಿದ್ದೆ ಕಣಕ್ಕ.”

ನನ್ನ ಮಾತನ್ನು ಅವಳು ನಂಬಿದಳು.

“ಅಂಗಾರೆ ನಾನ್ ಕಲ್ಸೋದೇ ಸರಿಯಿಲ್ಲ ಬುಡು.”

ಆಮೇಲೆ ಅವಳು ಯಾರಿಗೂ ಕಲಿಸಲಿಲ್ಲ. ಹೋದ ವರ್ಷ ತೀರಿಕೊಂಡಳು. ಅಷ್ಟು ದಿನ ಒಂದೇ ಮನೆಯಲ್ಲಿದ್ದೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ…

ಮೊನ್ನೆ ಪಿರಿಯಾಪಟ್ಟಣದ ಸ್ತ್ರೀಶಕ್ತಿ ಸಂಘದವರು ಹೊಸಬರಿಗೆ ಕಲಿಸಲು ನನ್ನನ್ನು ಕರೆದಿದ್ದರು. ಅಕ್ಕನ ಸಾಲನ್ನೇ ಬೋರ್ಡಿನ ಮೇಲೆ ಬರೆದೆ. ಮಧ್ಯಾಹ್ನಕ್ಕೇ ಒಬ್ಬರ ಕಂತೆಯನ್ನು ಇನ್ನೊಬ್ಬರು ತಿದ್ದತೊಡಗಿದರು! ಸಂಜೆ ಬೆರಕೆ ಕಂತೆ ಇಟ್ಟರೆ ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ಬೆರಳುಗಳು ಸರಸರನೆ ಓಡಿದವು. ಖುಷಿಗೆ ನನಗೆ ಕೂರಲಾಗಲಿಲ್ಲ.

ಹಿಂಗೆ ಕಲಿಸುವುದನ್ನು ನಿಮಗೆ ಯಾರು ಹೇಳಿಕೊಟ್ಟರು ಎಂದು ಒಬ್ಬಾಕೆ ಕೇಳಿದರು.

“ನಮ್ಮಕ್ಕ” ಎಂದೆ. ಮುಂದಿನದು ಅವರಿಗೆ ಹೇಳಿದ್ದಲ್ಲ. ಆದರೂ ಎಲ್ಲರಿಗೂ ಕೇಳುವಂತೆಯೇ ಹೇಳಿದೆ.

“ನೀನ್ ಕಲ್ಸಿದ್ದು ಸರಿಯಾಗೇ ಇತ್ತು ಕಣಕ್ಕ. ನಾನೇ ಬರೀನಿಲ್ಲ. ತಪ್ಪಾಯ್ತು.”